ಬೆಳಕಿನ ಗೆರೆ, ಬ್ಯಾಟರಿಯ ಲೆಕ್ಕ

2016ರ ಮಾರ್ಚ್‌ನಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಕಾರುಗಳ ಹೆಡ್‌ಲೈಟ್‌ಗಳನ್ನು ಮೊದಲ ಬಾರಿಗೆ ಪರೀಕ್ಷಿಸಿ ದರ್ಜೆ ಕೊಟ್ಟಿತು. ಮಧ್ಯಮ ಗಾತ್ರದ 31 ಕಾರುಗಳ ಪೈಕಿ ‘ಉತ್ತಮ’ ದರ್ಜೆ ಸಿಕ್ಕಿದ್ದು ಒಂದಕ್ಕೆ ಮಾತ್ರ. ಅದು ಟೊಯೊಟಾ ಪ್ರಿಯಸ್ ವಿ ಎಂಬ ಹೈಬ್ರಿಡ್, ಅದರಲ್ಲೂ ಎಲ್‌ಇಡಿ ದೀಪವಿದ್ದ ಮಾದರಿ. ಹ್ಯಾಲೊಜೆನ್ ದೀಪವಿದ್ದ ಅದೇ ಪ್ರಿಯಸ್ ವಿ ‘ಕಳಪೆ’ ದರ್ಜೆಗೆ ಇಳಿಯಿತು. ಎಲ್ಲಕ್ಕಿಂತ ಹಿಂದೆ ಬಿದ್ದದ್ದು ದುಬಾರಿ ಬಿಎಂಡಬ್ಲ್ಯು 3 ಸರಣಿಯ ಹ್ಯಾಲೊಜೆನ್ ದೀಪ.

ಇದನ್ನು ಓದಿದವರು ‘ಹಾಗಾದರೆ ಎಲ್‌ಇಡಿ ಹಾಕಿಸಿದರೆ ಮುಗಿಯಿತು’ ಎಂದು ತೀರ್ಮಾನಿಸಿದರೆ ಪರೀಕ್ಷೆಯ ಅರ್ಧ ಭಾಗ ಕೈತಪ್ಪುತ್ತದೆ. ಅಲ್ಲಿ ಅಳೆದದ್ದು ಎರಡು ಸಂಗತಿ: ಬೆಳಕು ರಸ್ತೆಯ ಮೇಲೆ ಎಷ್ಟು ದೂರ ತಲುಪುತ್ತದೆ, ಎದುರಿನಿಂದ ಬರುವವರ ಕಣ್ಣಿಗೆ ಎಷ್ಟು ಹೊಡೆಯುತ್ತದೆ. ಪ್ರಿಯಸ್‌ನ ಎಲ್‌ಇಡಿ, ಅದರ ಲೆನ್ಸ್, ಅದರ ಚೌಕಟ್ಟು ಎಲ್ಲವೂ ಒಂದೇ ದೀಪವಾಗಿ ಕಾರ್ಖಾನೆಯಲ್ಲಿ ರೂಪುಗೊಂಡಿದ್ದವು. ನಮ್ಮಲ್ಲಿ ‘ಲೈಟ್ ಅಪ್‌ಗ್ರೇಡ್’ ಹೆಸರಿನಲ್ಲಿ ನಡೆಯುವ ಕೆಲಸವೇ ಬೇರೆ.

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಬೀದಿಯಲ್ಲಿ ಎಚ್4 ಹೋಲ್ಡರ್‌ಗೆ ಕೂರುವ ಎಲ್‌ಇಡಿ ಬಲ್ಬ್ ಕೇಳಿದರೆ ಹತ್ತಾರು ಬಗೆ ಮುಂದೆ ಬರುತ್ತವೆ. ಪೆಟ್ಟಿಗೆಯ ಮೇಲೆ ಲ್ಯೂಮೆನ್ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ. ಹಳೆಯ ಹ್ಯಾಲೊಜೆನ್ ಎಚ್4 ಬಲ್ಬು 60/55 ವಾಟ್‌ನದು, ಒಳಗೆ ಎರಡು ತಂತಿಸುರುಳಿ. ಡಿಪ್‌ನ ಸುರುಳಿಯ ಕೆಳಗೆ ಬಟ್ಟಲಿನಾಕಾರದ ಪುಟ್ಟ ಲೋಹದ ತಗಡು ಇರುತ್ತದೆ. ಬೆಳಕು ರಿಫ್ಲೆಕ್ಟರ್‌ನ ಮೇಲರ್ಧಕ್ಕೆ ಮಾತ್ರ ಬಡಿದು ರಸ್ತೆಯತ್ತ ಬಾಗುವುದು ಆ ತಗಡಿನಿಂದ. ಎಡಬದಿ ಸಂಚಾರದ ನಮ್ಮ ದೇಶದಲ್ಲಿ ಬೆಳಕಿನ ಗೆರೆ ಎಡಕ್ಕೆ ಸ್ವಲ್ಪ ಮೇಲೇರಿ ರಸ್ತೆಯಂಚನ್ನು ತೋರಿಸುತ್ತದೆ, ಬಲಕ್ಕೆ ತಗ್ಗಿ ಎದುರಿನ ಚಾಲಕನ ಕಣ್ಣನ್ನು ಉಳಿಸುತ್ತದೆ. ಸುರುಳಿ ಮಿಲಿಮೀಟರ್‌ನಷ್ಟು ಜಾಗ ತಪ್ಪಿದರೂ ಈ ಲೆಕ್ಕ ಕೆಡುತ್ತದೆ. ದಪ್ಪ ಹಲಗೆಯ ಎರಡು ಬದಿಗೆ ಚಿಪ್ ಅಂಟಿಸಿದ ಎಲ್‌ಇಡಿ ಬಲ್ಬು ಆ ಜಾಗವನ್ನು ನಿಖರವಾಗಿ ಹಿಡಿಯುವುದು ಅಪರೂಪ. ಬೆಳಕು ಹೆಚ್ಚುತ್ತದೆ, ಆದರೆ ಆಕಾಶಕ್ಕೂ ಮರದ ಕೊಂಬೆಗೂ ಎದುರಿನ ಬೈಕ್ ಸವಾರನ ಮುಖಕ್ಕೂ ಚದುರಿಹೋಗುತ್ತದೆ.

ಹಾಕಿಸಿಕೊಂಡವರಿಗೆ ಮಾತ್ರ ಅದು ಗೆಲುವಿನಂತೆ ಕಾಣುತ್ತದೆ. ಬಾನೆಟ್ ಮುಂದಿನ ನೆಲ ಹಗಲಿನಂತೆ ಬೆಳಗಿದಾಗ ಕಣ್ಣಿನ ಪಾಪೆ ಕಿರಿದಾಗುತ್ತದೆ. ಆಗ ದೂರದಲ್ಲಿ ನಿಂತ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಮೊದಲಿಗಿಂತ ತಡವಾಗಿ ಕಣ್ಣಿಗೆ ಬೀಳುತ್ತದೆ. ಚಾರ್ಮಾಡಿ, ಶಿರಾಡಿ, ಆಗುಂಬೆ ಘಾಟಿಗಳ ಮಳೆ-ಮಂಜಿನಲ್ಲಿ ಈ ಬಲ್ಬುಗಳ ದೋಷ ಪೂರ್ತಿ ಬಯಲಾಗುತ್ತದೆ. ಮೇಲಕ್ಕೆ ಚದುರಿದ ಬೆಳಕು ಮಂಜಿಗೆ ಬಡಿದು ಚಾಲಕನತ್ತಲೇ ಮರಳಿ ಎದುರಿಗೆ ಬಿಳಿ ಗೋಡೆ ನಿಲ್ಲಿಸುತ್ತದೆ.

ಕಾನೂನು ಈ ವಿಷಯದಲ್ಲಿ ಮಸುಕಾಗಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮದ ಪ್ರಕಾರ ದೀಪದಿಂದ 8 ಮೀಟರ್ ಮುಂದೆ, ನೆಲದಿಂದ 1.5 ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಕಣ್ಣು ಕುಕ್ಕುವ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿದರು. ಆಗಲೇಬೇಕಿದ್ದ ಕೆಲಸ ಅದು. ಆದರೆ ದಂಡ ರಸ್ತೆಯಲ್ಲಿ ಸಿಕ್ಕ ಚಾಲಕನಿಗೆ ಬೀಳುತ್ತದೆ, ಅದೇ ಬಲ್ಬು ಅಂಗಡಿಯಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತದೆ. ಮಾರಾಟದ ಕಡೆಗೆ ಕೈ ಹಾಕದಿದ್ದರೆ ಇಂಥ ಕಾರ್ಯಾಚರಣೆಯ ಫಲ ಹೆಚ್ಚು ದಿನ ಉಳಿಯದು.

ಹಾಗಾದರೆ ಮಂಕು ದೀಪದ ಹಳೆಯ ಕಾರನ್ನು ಹಾಗೆಯೇ ಸಹಿಸಿಕೊಳ್ಳಬೇಕೆ? ಬೇಕಿಲ್ಲ. ದಾರಿಗಳಿವೆ, ಅವುಗಳಲ್ಲಿ ಹೆಚ್ಚಿನವು ಅಗ್ಗದವು. ಮೊದಲು ನೋಡಬೇಕಾದದ್ದು ಹಳದಿಗಟ್ಟಿದ ಪಾಲಿಕಾರ್ಬನೇಟ್ ಗಾಜು. ಮಸುಕಾದ ದೀಪ ಹೊಸದರ ಐದನೇ ಒಂದು ಪಾಲಿನಷ್ಟು ಬೆಳಕನ್ನಷ್ಟೇ ಕೊಡಬಹುದು ಎಂದು ಅಮೆರಿಕದ ವಾಹನ ಮಾಲೀಕರ ಸಂಘಟನೆ ಎಎಎ 2018ರಲ್ಲಿ ತೋರಿಸಿತು. ಪಾಲಿಶ್ ಮಾಡಿಸಿದರೆ ಸುಮಾರು ಶೇ 70ರಷ್ಟು ಬೆಳಕು ಮರಳುತ್ತದೆಂದೂ ಅದೇ ಅಧ್ಯಯನ ಹೇಳಿತು. ಮರಳುಕಾಗದದಿಂದ ಉಜ್ಜಿದ ಮೇಲೆ ಬಿಸಿಲು ತಡೆಯುವ ಲೇಪನ ಹಚ್ಚಿಸದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿಯಾಗುತ್ತದೆ. ಗ್ಯಾರೇಜುಗಳು ಬಿಟ್ಟುಬಿಡುವ ಹೆಜ್ಜೆ ಇದೇ.

ಎರಡನೆಯದು ರಿಲೇ ವೈರಿಂಗ್. ಹಳೆಯ ಕಾರುಗಳಲ್ಲಿ ದೀಪದ ಕರೆಂಟು ತೆಳು ತಂತಿಯಲ್ಲಿ, ಸ್ಟೀರಿಂಗ್ ಬಳಿಯ ಸ್ವಿಚ್ಚನ್ನು ಹಾದು ಬರುತ್ತದೆ. ಬಲ್ಬಿಗೆ ತಲುಪುವ ವೋಲ್ಟೇಜ್ ಶೇ 10ರಷ್ಟು ಇಳಿದರೆ ಹ್ಯಾಲೊಜೆನ್‌ನ ಬೆಳಕು ಸುಮಾರು ಶೇ 30 ಕಡಿಮೆಯಾಗುತ್ತದೆ. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿ ಎಳೆದು ರಿಲೇ ಕೂರಿಸಿದರೆ ಅದೇ 60/55 ವಾಟ್ ಬಲ್ಬು ಬೇರೆಯದೇ ಬಲ್ಬಿನಂತೆ ಉರಿಯುತ್ತದೆ, ಬೆಳಕಿನ ಗೆರೆಯೂ ಕೆಡುವುದಿಲ್ಲ. 100/90 ವಾಟ್ ಬಲ್ಬು ಹಾಕಿಸುವ ಹಳೆಯ ಚಟ ಮಾತ್ರ ಬೇಡ. ಅದರ ಬಿಸಿಗೆ ಹೋಲ್ಡರ್ ಕರಗುತ್ತದೆ, ರಿಫ್ಲೆಕ್ಟರ್ ಸುಡುತ್ತದೆ. ಕೊನೆಗೆ, ಸಮತಟ್ಟಾದ ಜಾಗದಲ್ಲಿ ಗೋಡೆಯ ಮುಂದೆ ಕಾರು ನಿಲ್ಲಿಸಿ ಎರಡೂ ದೀಪಗಳ ಫೋಕಸ್ ಸರಿಪಡಿಸಬೇಕು. ಈ ಕೆಲಸಕ್ಕೆ ಹಣಕ್ಕಿಂತ ತಾಳ್ಮೆ ಬೇಕು.

ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆಯನ್ನು ನಂಬುವ ಇದೇ ಅಭ್ಯಾಸ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕೊಳ್ಳುವವರಲ್ಲೂ ಇದೆ. ಅಲ್ಲಿ ಲ್ಯೂಮೆನ್ ಬದಲು ಮೈಲೇಜ್. ಟೊಯೊಟಾದ ಹೈರೈಡರ್ ಹೈಬ್ರಿಡ್‌ಗೆ ಲೀಟರಿಗೆ 27.97 ಕಿಲೋಮೀಟರ್ ಎಂಬ, ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐನ ಅಂಕಿ ಜಾಹೀರಾತಿನಿಂದ ಜಾಹೀರಾತಿಗೆ ಓಡಾಡಿತು. ಹಾಗೆಂದು ಹೈಬ್ರಿಡ್‌ನ ಗುಣ ಸುಳ್ಳೇನಲ್ಲ. ಬ್ರೇಕ್ ಹಾಕಿದಾಗ ಬಿಸಿಯಾಗಿ ವ್ಯರ್ಥವಾಗುವ ಶಕ್ತಿಯನ್ನು ಮೋಟಾರು ಬ್ಯಾಟರಿಗೆ ಮರಳಿಸುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ಆರುತ್ತದೆ, ತೆವಳುವ ಸಂಚಾರದಲ್ಲಿ ಕಾರು ವಿದ್ಯುತ್ತಿನಿಂದಲೇ ಸಾಗುತ್ತದೆ. ಬೆಂಗಳೂರಿನ ಸಿಲ್ಕ್ ಬೋರ್ಡ್‌ನಿಂದ ಹೊರವರ್ತುಲ ರಸ್ತೆ ಹಿಡಿದು ದಿನವೂ ಓಡಾಡುವವರಿಗೆ ಇದಕ್ಕಿಂತ ಒಪ್ಪುವ ಯಂತ್ರ ಸಿಗುವುದು ಕಷ್ಟ. ಹೆದ್ದಾರಿಯಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಮಾತ್ರ ಈ ಲಾಭ ಬಹಳಷ್ಟು ಕರಗುತ್ತದೆ.

ಲೆಕ್ಕ ಹಾಕಿ ನೋಡೋಣ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಊರೊಳಗೆ ಸಾಮಾನ್ಯ ಪೆಟ್ರೋಲ್ ಕಾರು 13 ಕಿಲೋಮೀಟರ್, ಹೈಬ್ರಿಡ್ 20 ಕಿಲೋಮೀಟರ್ ಕೊಡುತ್ತದೆ ಎಂದಿಟ್ಟುಕೊಂಡರೆ, ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವವರಿಗೆ ಉಳಿಯುವುದು ಸುಮಾರು 32,000 ರೂಪಾಯಿ. ಹಳೆಯ ಹೈಬ್ರಿಡ್‌ಗೆ ಎರಡೂವರೆ ಲಕ್ಷ ಹೆಚ್ಚು ತೆತ್ತಿದ್ದರೆ ಅದು ಮರಳಲು ಹತ್ತಿರ ಹತ್ತಿರ ಎಂಟು ವರ್ಷ ಬೇಕು. ವರ್ಷಕ್ಕೆ 25,000 ಕಿಲೋಮೀಟರ್ ಓಡಿಸುವವರಿಗೆ ನಾಲ್ಕು ವರ್ಷದೊಳಗೆ ಮರಳುತ್ತದೆ. ವಾರಕ್ಕೊಮ್ಮೆ ಕಾರು ತೆಗೆಯುವ ಮನೆಗೆ ಹೈಬ್ರಿಡ್ ಉಳಿತಾಯದ ಆಯ್ಕೆಯೇ ಅಲ್ಲ. ಸದ್ದಿಲ್ಲದ ಚಾಲನೆಯ ಸುಖಕ್ಕಾಗಿ ಕೊಳ್ಳುವುದಾದರೆ ಅದು ಬೇರೆ ಮಾತು.

ಯಾವ ಹೈಬ್ರಿಡ್ ಎಂಬ ಪ್ರಶ್ನೆಯನ್ನೂ ಬಿಡುವಂತಿಲ್ಲ. ಮಾರುತಿ 2015ರಲ್ಲಿ ಸಿಯಾಜ್ ಡೀಸೆಲ್‌ಗೆ ಅಳವಡಿಸಿದ ಎಸ್‌ಎಚ್‌ವಿಎಸ್ ವ್ಯವಸ್ಥೆ ಎಂಜಿನ್ನಿಗೆ ಸ್ವಲ್ಪ ಕೈಜೋಡಿಸುತ್ತದೆಯೇ ಹೊರತು ವಿದ್ಯುತ್ತಿನಿಂದಷ್ಟೇ ಕಾರನ್ನು ಓಡಿಸಲಾರದು. ಅದಕ್ಕೆ ಹೈಬ್ರಿಡ್ ಬೆಲೆ ಕೊಡಬಾರದು. ಇನ್ನು ನಿಜವಾದ ಹೈಬ್ರಿಡ್‌ಗಳು: 2008ರಲ್ಲಿ ಆಮದಾಗಿ ಬಂದ ಹೋಂಡಾ ಸಿವಿಕ್ ಹೈಬ್ರಿಡ್, 2010ರ ಪ್ರಿಯಸ್, 2013ರಿಂದ ಬಿಡದಿಯಲ್ಲಿ ತಯಾರಾದ ಕ್ಯಾಮ್ರಿ. ಸಿವಿಕ್ ಮತ್ತು ಪ್ರಿಯಸ್‌ಗೆ ಬಿಡಿಭಾಗ ಹುಡುಕುವುದೇ ಒಂದು ಉದ್ಯೋಗವಾಗುತ್ತದೆ, ಆಸಕ್ತಿ ಇದ್ದವರಿಗೆ ಮಾತ್ರ ಅವು. ಹಳೆಯ ಕ್ಯಾಮ್ರಿಯ ಬೆಲೆ ಆಸೆ ಹುಟ್ಟಿಸುವಷ್ಟು ಇಳಿದಿರುತ್ತದೆ, ಆದರೆ ಬ್ಯಾಟರಿ ಬದಲಿಸುವ ಖರ್ಚನ್ನು ಮೊದಲೇ ಬದಿಗಿಟ್ಟುಕೊಂಡು ಮಾತಿಗಿಳಿಯಬೇಕು.

ಸಾಮಾನ್ಯ ಕುಟುಂಬಕ್ಕೆ ಯೋಗ್ಯವಾದವು 2022ರಿಂದೀಚಿನವು: ಹೋಂಡಾ ಸಿಟಿ ಇ-ಎಚ್‌ಇವಿ, ಹೈರೈಡರ್, ಬಿಡದಿಯಲ್ಲೇ ಅದರ ಜೊತೆ ತಯಾರಾಗುವ ಮಾರುತಿ ಗ್ರ್ಯಾಂಡ್ ವಿಟಾರಾ, ದೊಡ್ಡ ಸಂಸಾರವಿದ್ದರೆ ಇನ್ನೋವಾ ಹೈಕ್ರಾಸ್. ಸಿಟಿ ಮತ್ತು ಹೈರೈಡರ್‌ನ ಹೈಬ್ರಿಡ್ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ. 2022ರ ಕೊನೆಯಲ್ಲಿ ಮಾರಾಟವಾದ ಹೈರೈಡರ್‌ಗೆ ಕಿಲೋಮೀಟರ್ ಮಿತಿ ದಾಟಿರದಿದ್ದರೆ 2030ರವರೆಗೆ ಆ ರಕ್ಷಣೆ ಉಳಿದಿರುತ್ತದೆ. ಹಳೆಯ ಕಾರಿನ ಬೆಲೆಯಲ್ಲಿ ಕೊಳ್ಳುವವರು ನಿಜವಾಗಿ ತೂಗಬೇಕಾದದ್ದು ಇದನ್ನೇ.

ಕೊಳ್ಳುವ ಮುನ್ನ ಕಾರಿನ ಪರೀಕ್ಷೆಗೆ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಬೇಕು. ಬ್ಯಾಟರಿಯ ಮಟ್ಟ ತೋರಿಸುವ ಕಡ್ಡಿಗಳು ಸಮತಟ್ಟಾದ ರಸ್ತೆಯಲ್ಲಿ ಸರಸರನೆ ಏರಿಳಿದರೆ, ಬ್ಯಾಟರಿ ತಂಪಾಗಿಸುವ ಹಿಂಬದಿಯ ಫ್ಯಾನು ಬಿಡುವಿಲ್ಲದೆ ಮೊರೆದರೆ, ಅನುಮಾನ ಪಡಬೇಕು. ಪ್ರಿಯಸ್, ಕ್ಯಾಮ್ರಿಯಂಥ ಕಾರುಗಳಲ್ಲಿ ಬ್ಯಾಟರಿಗೆ ತಂಪುಗಾಳಿ ಎಳೆಯುವ ಜಾಲರಿ ಹಿಂದಿನ ಸೀಟಿನ ಬಳಿ ಇರುತ್ತದೆ. ನಮ್ಮ ರಸ್ತೆಗಳ ದೂಳಿನಿಂದ ಅದು ಕಟ್ಟಿಕೊಂಡಿದ್ದರೆ ಬ್ಯಾಟರಿ ವರ್ಷಗಟ್ಟಲೆ ಬಿಸಿಯಲ್ಲಿ ದುಡಿದಿದೆ ಎಂದೇ ಅರ್ಥ. ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಸ್ಕ್ಯಾನರ್ ಹಾಕಿಸಿ ಬ್ಯಾಟರಿಯ ಒಂದೊಂದು ವಿಭಾಗದ ವೋಲ್ಟೇಜ್ ನೋಡುವುದಕ್ಕೆ ಬದಲಿ ಇಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಮುಳುಗಿದ ಕಾರುಗಳನ್ನು ನೆನೆದು, ಸೀಟ್‌ಬೆಲ್ಟನ್ನು ಕೊನೆಯವರೆಗೆ ಎಳೆದು ಕೆಸರಿನ ಕಲೆ ಇದೆಯೇ ನೋಡಬೇಕು, ವಿಮಾ ಕ್ಲೇಮಿನ ದಾಖಲೆಯನ್ನೂ ಕೇಳಬೇಕು. ನೀರು ಹೊಕ್ಕ ಹೈಬ್ರಿಡ್ ಎಷ್ಟೇ ಅಗ್ಗವಾದರೂ ಬೇಡ.

ದೀಪದ ವಿಷಯ ಇಲ್ಲಿ ಮತ್ತೆ ಬರುತ್ತದೆ. ಟೊಯೊಟಾದ ಹೈಬ್ರಿಡ್‌ಗಳಲ್ಲಿ ಆಲ್ಟರ್ನೇಟರ್ ಇಲ್ಲ. ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು ಕನ್ವರ್ಟರ್ ಇಳಿಸಿ 12 ವೋಲ್ಟ್‌ನ ಪುಟ್ಟ ಬ್ಯಾಟರಿಗೆ ತುಂಬುತ್ತದೆ. ದೀಪಗಳಿರುವುದು ಇದೇ 12 ವೋಲ್ಟ್ ಜಾಲದಲ್ಲಿ, ಕಾರಿನ ಕಂಪ್ಯೂಟರುಗಳನ್ನು ಎಬ್ಬಿಸುವುದೂ ಆ ಪುಟ್ಟ ಬ್ಯಾಟರಿಯೇ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಹೊರಡುವುದಿಲ್ಲ. ಹಿಂದಿನ ಮಾಲೀಕ ದೀಪಕ್ಕಾಗಿ ವೈರಿಂಗ್ ಕತ್ತರಿಸಿ ಟೇಪು ಸುತ್ತಿಸಿದ್ದರೆ ವಿದ್ಯುತ್ ಭಾಗಗಳ ವಾರಂಟಿಗೂ ತಕರಾರು ಬರಬಹುದು. ಆದ್ದರಿಂದ ಬಾನೆಟ್ ತೆರೆದಾಗ ಹೆಡ್‌ಲೈಟ್ ಹಿಂದಿನ ರಬ್ಬರ್ ಮುಚ್ಚಳ ತೆಗೆದು ಒಳಗಿನ ಕನೆಕ್ಟರ್ ಕಾರ್ಖಾನೆಯದೇ ಎಂದು ನೋಡಬೇಕು. ಎಲ್‌ಇಡಿ ದೀಪ ಬೇಕೆನಿಸಿದರೆ ಕಾರ್ಖಾನೆಯಿಂದಲೇ ಅದು ಬಂದಿರುವ ಮೇಲಿನ ಮಾದರಿಯನ್ನು ಹುಡುಕುವುದು ಲೇಸು. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಮಾದರಿಗಳ ನಡುವಿನ ಬೆಲೆಯ ಅಂತರ ಹೊಸ ಕಾರಿನಲ್ಲಿದ್ದಷ್ಟು ಉಳಿದಿರುವುದಿಲ್ಲ.