ಬುಗುರಿ ನಮ್ದು, ಗೇಮ್ ಯಾರದು?

ಚನ್ನಪಟ್ಟಣದಲ್ಲಿ ಒಂದು ಬುಗುರಿ ಕೊಂಡರೆ ಅದು ನಮ್ದು. ಅರಗಿನ ಬಣ್ಣ ಮಾಸಬಹುದು, ಮೊನೆ ಸವೆಯಬಹುದು. ಮಾರಿದವನು ಅಂಗಡಿ ಮುಚ್ಚಿದ ಅಂತ ತಿರುಗೋದು ನಿಲ್ಲಲ್ಲ. ಯೂಬಿಸಾಫ್ಟ್‌ನ ‘ದಿ ಕ್ರೂ’ ನೋಡಿ, 2014ರ ಕಾರ್ ರೇಸಿಂಗ್ ಗೇಮ್. 2024ರ ಮಾರ್ಚ್ 31ಕ್ಕೆ ಸರ್ವರ್ ಆಫ್ ಮಾಡಿದರು. ದುಡ್ಡು ಕೊಟ್ಟು ಡಿಸ್ಕ್ ತಂದವನಿಗೂ ಆಟ ಬಂದ್. ಒಬ್ಬನೇ ಕೂತು ಆಡೋದಕ್ಕೂ ಸರ್ವರ್ ಬೇಕಂತೆ! ಸರ್ವರ್‌ಗೆ ಖರ್ಚಿದೆ, ಒಪ್ತೀನಿ. ನಾನೂ ಸಾಫ್ಟ್‌ವೇರ್ ಕಸುಬಿನವನೇ. ಆದರೆ ಗಲಾಟೆಯಾದ ಮೇಲೆ ಅದೇ ಕಂಪನಿ ‘ದಿ ಕ್ರೂ 2’ಕ್ಕೆ ಆಫ್‌ಲೈನ್ ಮೋಡ್ ಕೊಟ್ಟಿತಲ್ಲ? ಅಂದರೆ ಆಗದ ಕೆಲಸವೇನಲ್ಲ, ಮೊದಲನೆಯದಕ್ಕೆ ಮನಸ್ಸು ಮಾಡಲಿಲ್ಲ ಅಷ್ಟೆ. ಸ್ಟೀಮ್ ಈಗ ದುಡ್ಡು ಕಟ್ಟುವಾಗಲೇ ತಿಳಿಸುತ್ತೆ, ಸಿಗೋದು ಬರೀ ಲೈಸೆನ್ಸ್ ಅಂತ. ಹಾಗಾದರೆ ಬಾಡಿಗೆ ಅಂತಲೇ ಬರೀಲಿ, ಬೆಲೆಯನ್ನೂ ಬಾಡಿಗೆ ಲೆಕ್ಕದಲ್ಲೇ ಇಡಲಿ.