ಬಸ್ಸಿನ ಕಿಟಕಿಯಲ್ಲಿ ಕಂಡ ಕರಾವಳಿ

ದಾವಣಗೆರೆಯ ಕೆ.ಬಿ. ಬಡಾವಣೆಯಿಂದ ಹಿಡಿದು ಹರಿಹರದ ಓಣಿಗಳವರೆಗೆ, ದಸರಾ ಅಥವಾ ಬೇಸಿಗೆ ರಜೆ ಬಂತೆಂದರೆ 'ಕರಾವಳಿ ಟೂರ್'ನ ಮಾತು ಏಳುತ್ತದೆ. ನಾಲ್ಕಾರು ಮನೆಯವರು ಸೇರಿ ಒಂದು ಬಸ್ಸು ಗೊತ್ತುಮಾಡುತ್ತಾರೆ. ಅವಲಕ್ಕಿ, ಮಂಡಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ರಾತ್ರಿ ಹೊರಟರೆ ಹೊನ್ನಾಳಿ, ಶಿವಮೊಗ್ಗ, ಸಾಗರ ದಾಟಿ ಬೆಳಗಿಗೆ ಜೋಗ. ಅಲ್ಲಿಂದ ಹೊನ್ನಾವರ, ಮುರ್ಡೇಶ್ವರ, ಕೊಲ್ಲೂರು, ಉಡುಪಿ, ಮಲ್ಪೆ, ಧರ್ಮಸ್ಥಳ, ಕುಕ್ಕೆ. ಮೂರು ದಿನದಲ್ಲಿ ಒಂದು ನಾಡೇ ಮುಗಿದು ಹೋಗುತ್ತದೆ. ಹಿಂತಿರುಗಿದವರನ್ನು ಹೇಗಿತ್ತು ಎಂದು ಕೇಳಿದರೆ ಉತ್ತರ ಒಂದೇ: "ಎಲ್ಲಿ ನೋಡಿದರೂ ಹಸಿರು!"

ಈ ಉತ್ತರವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಅದರ ಹತ್ತನೇ ಒಂದು ಪಾಲು ಬಿದ್ದರೆ ಒಳ್ಳೆಯ ವರ್ಷ. ಬೋರ್‌ವೆಲ್ ಬತ್ತುವ ಚಿಂತೆಯಲ್ಲಿ ಬೇಸಿಗೆ ಕಳೆಯುವವರಿಗೆ ತುಂಬಿದ ಹೊಳೆಯ ದರ್ಶನವೇ ಒಂದು ಸೌಭಾಗ್ಯ. ವರ್ಷವಿಡೀ ದುಡಿಯುವ ಸಂಸಾರಕ್ಕೆ ಸಿಗುವ ಬಿಡುವೂ ಈ ಮೂರು ದಿನವೇ. ಹರಕೆ ತೀರಿಸಲು ಹೋಗುವವರ ಭಕ್ತಿಯನ್ನು ಗೇಲಿ ಮಾಡುವ ಹಕ್ಕೂ ಯಾರಿಗೂ ಇಲ್ಲ. ನಮ್ಮ ಆಕ್ಷೇಪ ಇರುವುದು ಪ್ರವಾಸಿಗರ ಮೇಲಲ್ಲ. ಕರಾವಳಿಯನ್ನು ಒಂದು ಹಸಿರು ಪರದೆಯಾಗಿಯೂ ಕೆಲವು ಗೋಪುರಗಳ ಸಾಲಾಗಿಯೂ ಮಾತ್ರ ತೋರಿಸುವ ಈ ಪ್ರವಾಸದ ಮಾದರಿಯ ಮೇಲೆ, ಅದನ್ನೇ ವರ್ಣಿಸುವ ಪತ್ರಿಕಾ ಪುರವಣಿಗಳ ಮೇಲೆ.

ಬಸ್ಸು ಶರಾವತಿಯ ಸೇತುವೆ ದಾಟುವಾಗ ಹೊನ್ನಾವರ ಬರುತ್ತದೆ. ಹೆಚ್ಚಿನ ಬಸ್ಸುಗಳು ಅಲ್ಲಿ ಚಹಾಕ್ಕೆ ಮಾತ್ರ ನಿಲ್ಲುತ್ತವೆ. 1340ರ ದಶಕದಲ್ಲಿ ಮೊರಾಕ್ಕೊದ ಇಬ್ನ್ ಬತೂತ ಇದೇ ಊರಿಗೆ ಬಂದಿದ್ದ. ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡೆನೆಂದೂ ಹೆಂಗಸರು ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ ಬರೆದಿಟ್ಟ. ಅರ್ಧ ಜಗತ್ತು ಸುತ್ತಿದವನಿಗೆ ಇದು ಬೇರೆಲ್ಲೂ ಕಾಣದ ಸಂಗತಿಯಾಗಿತ್ತು. ದಾರಿಯುದ್ದಕ್ಕೂ ಮರಗಳ ನೆರಳು, ಅಲ್ಲಲ್ಲಿ ಎಲ್ಲ ಧರ್ಮದ ದಾರಿಹೋಕರಿಗೂ ತೆರೆದ ಮರದ ತಂಗುದಾಣ, ಪಕ್ಕದಲ್ಲಿ ಬಾವಿ - ಇವನ್ನೂ ಆತ ದಾಖಲಿಸಿದ್ದಾನೆ. ಹಾಗೆಂದು ಎಲ್ಲವನ್ನೂ ಹೊಗಳಲಿಲ್ಲ. ಬಾವಿಯ ಬಳಿ ಮುಸ್ಲಿಮನಿಗೆ ನೀರನ್ನು ಪಾತ್ರೆಯಲ್ಲಿ ಕೊಡದೆ ಬೊಗಸೆಗೆ ಸುರಿಯುತ್ತಿದ್ದರೆಂಬುದನ್ನೂ ಮರೆಯದೆ ಬರೆದ. ನೆರಳನ್ನೂ ಬೊಗಸೆಯನ್ನೂ ಒಟ್ಟಿಗೆ ಕಂಡವನು ನಿಜವಾದ ಪ್ರವಾಸಿ. ಇಂದಿನ ಪುರವಣಿ ಬರಹಗಳಲ್ಲಿ ನೆರಳು ಮಾತ್ರ ಇರುತ್ತದೆ.

ಇದು ನಮ್ಮ ನಾಡಿಗೆ ಮಾತ್ರ ಅಂಟಿದ ರೋಗವಲ್ಲ. ಫ್ರಾನ್ಸಿನ ಪಶ್ಚಿಮ ತುದಿಯಲ್ಲಿ ಬ್ರಿಟನಿ ಎಂಬ ಹಸಿರು ಕರಾವಳಿಯಿದೆ. ಅಲ್ಲಿನವರ ಬ್ರೆಟನ್ ನುಡಿ ಫ್ರೆಂಚಿಗೆ ಸೇರಿದ್ದಲ್ಲ, ಕೆಲ್ಟಿಕ್ ಮೂಲದ್ದು. ಬಸ್ಸು ಬಸ್ಸಾಗಿ ಬರುವ ಪ್ರವಾಸಿಗರು ಅಲ್ಲಿನ ನೆಟ್ಟಕಲ್ಲು, ಕಸೂತಿಯ ಟೋಪಿ, ಕುಣಿತಗಳ ಚಿತ್ರ ತೆಗೆದುಕೊಂಡು ಹೋಗುತ್ತಾರೆ. ಆದರೆ ಒಂದು ಕಾಲದಲ್ಲಿ ಶಾಲೆಯಲ್ಲಿ ಬ್ರೆಟನ್ ಮಾತಾಡಿದ ಮಗುವಿನ ಕೊರಳಿಗೆ ಮರದ ಪಾದುಕೆ ಕಟ್ಟಿ ಅವಮಾನಿಸುತ್ತಿದ್ದರು. ಇಂದು ಆ ನುಡಿ ಅಳಿವಿನ ಅಂಚಿನಲ್ಲಿದೆ. ವೇಷವನ್ನು ಮೆಚ್ಚಿ ನುಡಿಯನ್ನು ಕೇಳಿಸಿಕೊಳ್ಳದ ಪ್ರೀತಿ ಎಂಥ ಪ್ರೀತಿ?

ತುಳುನಾಡಿನಲ್ಲಿ ನಾವು ಮಾಡುವುದೂ ಇದಕ್ಕಿಂತ ಬಹಳ ಬೇರೆಯಲ್ಲ. 2011ರ ಜನಗಣತಿಯ ಪ್ರಕಾರ 18 ಲಕ್ಷಕ್ಕೂ ಹೆಚ್ಚು ಜನರ ತಾಯ್ನುಡಿಯಾದ ತುಳು ಇನ್ನೂ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಲ್ಲ. ಅದೇ ಮಣ್ಣಿನಲ್ಲಿ ಬ್ಯಾರಿ, ಕೊಂಕಣಿ, ಭಟ್ಕಳದ ನವಾಯತಿ, ಕುಂದಗನ್ನಡಗಳು ಒಂದರ ಪಕ್ಕ ಒಂದು ಬದುಕಿವೆ. ನಮ್ಮ ಬಸ್ಸಿನವರಿಗೆ ಇವೆಲ್ಲ 'ಅರ್ಥವಾಗದ ಮಾತು'. ಭೂತಕೋಲದ ಬಣ್ಣವನ್ನು ಮೊಬೈಲಿನಲ್ಲಿ ತುಂಬಿಕೊಳ್ಳುವವರಿಗೆ, ಮೊಗವೀರರು ನಂಬುವ ಬೊಬ್ಬರ್ಯನ ಕಥೆಯಲ್ಲಿ ಮುಸ್ಲಿಂ ವ್ಯಾಪಾರಿಯೊಬ್ಬನ ನಂಟಿದೆ ಎಂದು ಹೇಳುವವರು ಯಾರು?

ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನ ಹೆದ್ದಾರಿಯ ಬದಿಯಲ್ಲೇ ಇದೆ. ಇದನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವರ್ತಕ ಎಂಬುದು ತಲೆಮಾರುಗಳಿಂದ ಬಂದ ಐತಿಹ್ಯ. ಜಾತ್ರೆಯಲ್ಲಿ ಅವನ ಮನೆತನಕ್ಕೆ ಪ್ರಸಾದ ಸಲ್ಲುವ ಪದ್ಧತಿಯೂ ಉಂಟು. 2022ರ ಮಾರ್ಚಿನಲ್ಲಿ ಇದೇ ಬಪ್ಪನಾಡು ಸೇರಿದಂತೆ ಕರಾವಳಿಯ ಹಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ ಎಂಬ ಫಲಕಗಳು ಎದ್ದವು. ಬಳೆ, ಆಟಿಕೆ, ಮಿಠಾಯಿ ಮಾರುವವರು ವರ್ಷದ ದುಡಿಮೆ ಕಳೆದುಕೊಂಡರು. ಆ ಐತಿಹ್ಯವನ್ನೂ ಈ ಫಲಕವನ್ನೂ ತಿಳಿಯದೆ ಬಪ್ಪನಾಡನ್ನು ದಾಟಿದವನು ಕರಾವಳಿಯನ್ನು ಕಂಡೆ ಎಂದು ಹೇಗೆ ಹೇಳಬಲ್ಲ? ಇಂಥ ಅರಿವಿಲ್ಲದೆ ಹಿಂತಿರುಗಿದವರೇ ನಾಳೆ ಟಿ.ವಿ.ಯ ಒಂದು ಚರ್ಚೆ ನೋಡಿ 'ಕರಾವಳಿ ಎಂದರೆ ಹಾಗೆಯೇ' ಎಂದು ತೀರ್ಪು ಕೊಡುತ್ತಾರೆ. ಅಪಾಯ ಇರುವುದು ಇಲ್ಲಿ.

ಈ ಕೊರತೆಯನ್ನು ಕನ್ನಡ ಸಾಹಿತ್ಯ ಎಂದೋ ತುಂಬಿದೆ. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಓದಿದವನಿಗೆ ಕಡಲ ತೀರ ಬರಿಯ ಸೂರ್ಯಾಸ್ತದ ಜಾಗವಲ್ಲ. ಅದು ಪಾರೋತಿ, ಸರಸೋತಿಯರು ಬೆನ್ನು ಬಾಗಿಸಿ ದುಡಿದ ಮಣ್ಣು. 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂದ ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಓದಿದವನು ಕಾಸರಗೋಡಿನ ಆ ನದಿಯನ್ನು ನಾದಿರಾಳ ನೆನಪಿಲ್ಲದೆ ದಾಟಲಾರ. ತನ್ನ ಸಮುದಾಯದ ಹೆಣ್ಣುಮಕ್ಕಳ ಸಂಕಟವನ್ನು ಮುಚ್ಚಿಡದೆ ಬರೆದ ಲೇಖಕಿ ಆಕೆ. ಬೊಳುವಾರು ಮಹಮ್ಮದ್ ಕುಂಞಿಯವರ ಮುತ್ತುಪ್ಪಾಡಿಯಂತೂ ಯಾವ ಟೂರ್ ಪಟ್ಟಿಯಲ್ಲೂ ಇಲ್ಲ, ಆದರೆ ಅಲ್ಲಿನ ಜನ ನಮ್ಮ ನೆರೆಯವರಂತೆ ಕಾಣುತ್ತಾರೆ. ಈ ಬರಹಗಾರರು ಊರನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ಒಳಗೆ ಕರೆದು ಕೂರಿಸಿದರು.

ಕನ್ನಡಿಯನ್ನು ನಮ್ಮ ಕಡೆಗೆ ತಿರುಗಿಸಿ ನೋಡೋಣ. ಮಂಗಳೂರಿನಿಂದ ಒಂದು ಬಸ್ಸು ದಾವಣಗೆರೆಗೆ ಬಂತೆನ್ನಿ. ಅವರು ಗಾಜಿನ ಮನೆ ನೋಡಿ, ಕುಂದವಾಡ ಕೆರೆ ಸುತ್ತಿ, ಬೆಣ್ಣೆದೋಸೆ ತಿಂದು ಹೋದರೆ ದಾವಣಗೆರೆ ತಿಳಿದಂತಾಯಿತೆ? ಮುಚ್ಚಿಹೋದ ಹತ್ತಿ ಗಿರಣಿಗಳ ಕಾರ್ಮಿಕರ ಕಥೆ, ಮಂಡಕ್ಕಿ ಭಟ್ಟಿಗಳ ಹೊಗೆಯಲ್ಲಿ ದುಡಿಯುವ ಸಂಸಾರಗಳ ಪಾಡು, ಹರಿಹರದಲ್ಲಿ ಹರಿ ಮತ್ತು ಹರನನ್ನು ಒಂದೇ ಮೂರ್ತಿಯಲ್ಲಿ ನಿಲ್ಲಿಸಿದ 13ನೇ ಶತಮಾನದ ಆ ಗುಡಿಯ ವಿವೇಕ - ಇವು ಯಾವುವೂ ಅವರ ಫೋಟೋದಲ್ಲಿ ಇರುವುದಿಲ್ಲ. ನಮಗೆ ನೋವಾಗುತ್ತದೆ. ಕರಾವಳಿಯವರಿಗೂ ಹಾಗೆಯೇ ಆಗುತ್ತಿರಬೇಕು.

ಪ್ರವಾಸ ನಿಲ್ಲಬೇಕೆಂದು ನಾವು ಹೇಳುತ್ತಿಲ್ಲ. ಪಟ್ಟಿಯಿಂದ ಎರಡು ಊರು ಕಡಿಮೆ ಮಾಡಿ, ಒಂದೇ ಊರಲ್ಲಿ ಒಂದು ಸಂಜೆ ಉಳಿಯಬಹುದು. ಮಲ್ಪೆಯ ಬಂದರಿನಲ್ಲಿ ಮೀನು ವಿಂಗಡಿಸುವ ಹೆಂಗಸರೊಡನೆ ಹತ್ತು ಮಾತಾಡಬಹುದು. ಶಾಲಾ ಪ್ರವಾಸವಾದರೆ ಹೊರಡುವ ಮುನ್ನ ಮಕ್ಕಳಿಗೆ ಕರಾವಳಿಯ ಒಂದು ಕಥೆ ಓದಿಸಬಹುದು, ಬಂದ ಮೇಲೆ 'ಏನು ನೋಡಿದಿರಿ' ಎನ್ನುವ ಬದಲು 'ಯಾರನ್ನು ಭೇಟಿಯಾದಿರಿ' ಎಂದು ಕೇಳಬಹುದು. ಇದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಬಸ್ಸು ಗೊತ್ತುಮಾಡುವ ದಿನವೇ ಈ ಮಾತನ್ನೂ ಆಡಿಕೊಂಡರೆ ಸಾಕು.