ಸಮೀಕರಣದ ವೈರಾಣು, ಒಡಲಿನ ವೈರಾಣು

ತ್ರಾಸಿಯಿಂದ ಮರವಂತೆಗೆ ಸಾಗುವ ಹೆದ್ದಾರಿಯ ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಮಳೆಗಾಲದಲ್ಲಿ ಈ ಎರಡೂ ನೀರಿನ ಉಪ್ಪಿನಂಶವನ್ನು ಅಳೆದು ಸರಾಸರಿ ತೆಗೆದರೆ ದೊರೆಯುವ ಅಂಕಿ ಗಣಿತದ ದೃಷ್ಟಿಯಿಂದ ನಿರ್ದುಷ್ಟವಾದುದು. ಆದರೆ ಅಂತಹ ನೀರು ರಸ್ತೆಯ ಯಾವ ಬದಿಯಲ್ಲಿಯೂ ಇರುವುದಿಲ್ಲ. ವೈರಾಣು ಸೋಂಕನ್ನೂ ಅದಕ್ಕೆ ದೇಹ ತೋರುವ ಪ್ರತಿರೋಧವನ್ನೂ ಗಣಕದಲ್ಲಿ ನಿರೂಪಿಸುವ ಮಾದರಿಗಳನ್ನು ಪರಿಶೀಲಿಸುವಾಗ ಏಳುವ ಪ್ರಶ್ನೆಯೂ ಇದೇ ಬಗೆಯದು.

ಈ ಮಾದರಿಗಳ ಮೂಲ ವಿನ್ಯಾಸ ಸರಳ. ಸೋಂಕು ತಗುಲಬಹುದಾದ ಜೀವಕೋಶಗಳು, ಸೋಂಕು ತಗುಲಿದ ಜೀವಕೋಶಗಳು, ರಕ್ತದಲ್ಲಿ ಬಿಡಿಯಾಗಿರುವ ವೈರಾಣುಕಣಗಳು ಎಂಬ ಮೂರು ಪರಿಮಾಣಗಳು ಕಾಲದೊಡನೆ ಹೇಗೆ ಬದಲಾಗುತ್ತವೆ ಎಂಬುದನ್ನು ಮೂರು ಅವಕಲ ಸಮೀಕರಣಗಳು ಹೇಳುತ್ತವೆ. ಈ ವಿಧಾನದ ಸಾಮರ್ಥ್ಯ ಎಚ್‌ಐವಿ ಅಧ್ಯಯನದಲ್ಲಿ ಪ್ರಕಟವಾಯಿತು. ಔಷಧ ಕೊಟ್ಟ ಬಳಿಕ ರಕ್ತದಲ್ಲಿ ವೈರಾಣು ಇಳಿಯುವ ವೇಗದಿಂದಲೇ ಆಲನ್ ಪೆರೆಲ್ಸನ್ ಮತ್ತು ಸಂಗಡಿಗರು 1996ರಲ್ಲಿ ವೈರಾಣುಕಣದ ಅರ್ಧಾಯುಷ್ಯ ಸುಮಾರು 6 ಗಂಟೆ, ಸೋಂಕಿತ ಕೋಶದ ಆಯಸ್ಸು ಸುಮಾರು 2 ದಿನ, ದಿನವೊಂದರ ಉತ್ಪತ್ತಿ ಸುಮಾರು 1000 ಕೋಟಿ ಕಣಗಳು ಎಂದು ಗಣಿಸಿದರು. ಹೊರಗೆ ಲಕ್ಷಣವಿಲ್ಲದ ವರ್ಷಗಳಲ್ಲಿ ವೈರಾಣು ನಿದ್ರಿಸುತ್ತಿರುತ್ತದೆಂಬ ಭಾವನೆ ಇದರಿಂದ ಕುಸಿಯಿತು. ಕಣದ ಅರ್ಧಾಯುಷ್ಯ ಬಳಿಕದ ಪ್ರಯೋಗಗಳಲ್ಲಿ ಇನ್ನೂ ಕಿರಿದಾಯಿತು. ವಾದ ಮಾತ್ರ ಕದಲಲಿಲ್ಲ.

ಕರ್ನಾಟಕದ ಕೊಡುಗೆಯನ್ನೂ ಇಲ್ಲಿ ಸ್ಮರಿಸಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನರೇಂದ್ರ ದೀಕ್ಷಿತ್ ಅವರು ಪೆರೆಲ್ಸನ್ ಮೊದಲಾದವರೊಡನೆ 2004ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಹೆಪಟೈಟಿಸ್ ಸಿ ಚಿಕಿತ್ಸೆಯ ಒಂದು ಒಗಟನ್ನು ಎತ್ತಿಕೊಂಡಿತು. ರಿಬಾವಿರಿನ್ ಒಂದನ್ನೇ ಕೊಟ್ಟರೆ ವೈರಾಣುವಿನ ಪ್ರಮಾಣ ಹೆಚ್ಚೇನೂ ಇಳಿಯುವುದಿಲ್ಲ. ಇಂಟರ್‌ಫೆರಾನ್ ಜೊತೆಗೂಡಿದಾಗ ಗುಣವಾಗುವವರ ಪ್ರಮಾಣ ಏರುತ್ತದೆ. ಹೊಸದಾಗಿ ಹುಟ್ಟಿದ ಕಣಗಳಲ್ಲಿ ಒಂದು ಪಾಲನ್ನು ರಿಬಾವಿರಿನ್ ಸೋಂಕಲು ಅಶಕ್ತಗೊಳಿಸುತ್ತದೆ ಎಂದಿಟ್ಟುಕೊಂಡರೆ, ಇಂಟರ್‌ಫೆರಾನ್ ದುರ್ಬಲವಾಗಿರುವ ರೋಗಿಗಳಲ್ಲಿ ಮಾತ್ರ ಅದರ ಪರಿಣಾಮ ಎದ್ದು ಕಾಣಬೇಕು ಎಂದು ಮಾದರಿ ಹೇಳಿತು. ತಾನು ಎಲ್ಲಿ ಸೋಲಬಹುದೆಂಬುದನ್ನು ಮುಂಚಿತವಾಗಿ ಒಪ್ಪಿಕೊಂಡ ಮಾದರಿ ಇದು. ಈ ಗುಣ ಎಲ್ಲ ಮಾದರಿಗಳಲ್ಲಿಯೂ ಇಲ್ಲ.

ದೇಹವನ್ನು ಚೆನ್ನಾಗಿ ಕಲಕಿದ ಒಂದೇ ಪಾತ್ರೆಯೆಂದು ಭಾವಿಸುವಲ್ಲಿ ತೊಡಕು ಆರಂಭವಾಗುತ್ತದೆ. ಅಳತೆಗೆ ಸಿಗುವುದು ರಕ್ತ; ಆದರೆ ದೇಹದ ಲಿಂಫೋಸೈಟ್ ಕೋಶಗಳಲ್ಲಿ ರಕ್ತದಲ್ಲಿರುವುದು ನೂರಕ್ಕೆ ಎರಡರಷ್ಟು ಮಾತ್ರ. ಉಳಿದವು ದುಗ್ಧಗ್ರಂಥಿ, ಗುಲ್ಮ, ಕರುಳಿನ ಅಂಗಾಂಶಗಳಲ್ಲಿವೆ. ಮೇಲಾಗಿ ಪ್ರತಿಕಾಯ, ಕೋಶಭಕ್ಷಕ, ಇಂಟರ್‌ಫೆರಾನ್ ಇವೆಲ್ಲವನ್ನೂ ಒಂದೇ ಗುಣಾಂಕದಲ್ಲಿ ಅಡಗಿಸಿದಾಗ, ಪರಸ್ಪರ ವಿರುದ್ಧವಾದ ಎರಡು ವಿವರಣೆಗಳು ಒಂದೇ ವಕ್ರರೇಖೆಗೆ ಸಮನಾಗಿ ಹೊಂದಿಕೊಳ್ಳಬಲ್ಲವು. ರೇಖೆ ಹೊಂದಿತೆಂಬುದನ್ನೇ ಪ್ರಮಾಣವಾಗಿ ಮುಂದಿಡುವ ಲೇಖನಗಳು ಈ ಕ್ಷೇತ್ರದಲ್ಲಿ ವಿರಳವೇನಲ್ಲ.

ಈ ಆಕ್ಷೇಪವನ್ನು ಪರೀಕ್ಷಿಸಲು ದೂರ ಹೋಗಬೇಕಿಲ್ಲ. ತ್ರಾಸಿಯಿಂದ ಮೂಡಣಕ್ಕೆ, ಕೊಲ್ಲೂರಿನ ಘಟ್ಟ ಹತ್ತಿದರೆ ಹೊಸನಗರ, ಸಾಗರ, ಸೊರಬಗಳ ಸೀಮೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ, ಉಣುಗು ಹರಡುವ ಮಂಗನ ಕಾಯಿಲೆಯಲ್ಲಿ ಮೊದಲು ತೀವ್ರ ಜ್ವರ. ಅದು ಇಳಿದ ಮೇಲೆ ನೂರಕ್ಕೆ ಹತ್ತರಿಂದ ಇಪ್ಪತ್ತು ರೋಗಿಗಳಲ್ಲಿ ಒಂದೆರಡು ವಾರ ಬಿಟ್ಟು ಮರುಜ್ವರ, ತಲೆನೋವು, ನಡುಕ ಮುಂತಾದ ನರಸಂಬಂಧಿ ಲಕ್ಷಣಗಳು. ಮೂರು ಸಮೀಕರಣಗಳ ಮಾದರಿ ಇಂತಹ ಅಲ್ಪಕಾಲದ ಸೋಂಕಿನಲ್ಲಿ ಒಂದೇ ಶಿಖರವನ್ನು ಕೊಡುತ್ತದೆ. ಎರಡನೆಯ ಹಂತಕ್ಕಾಗಿ ಮತ್ತೊಂದು ಪದವನ್ನು ಸೇರಿಸಬಹುದು; ಆದರೆ ಆ ಪದ ಅಂಗಾಂಶದಲ್ಲಿ ಅಡಗಿದ ವೈರಾಣುವೋ, ದೇಹದ ಪ್ರತಿರೋಧವೇ ತಂದೊಡ್ಡಿದ ಹಾನಿಯೋ ಎಂಬುದನ್ನು ರಕ್ತದ ಅಂಕಿಗಳಷ್ಟೇ ನಿರ್ಣಯಿಸಲಾರವು. ರೋಗಿ ಆಸ್ಪತ್ರೆಗೆ ಬರುವುದು ಜ್ವರ ಬಂದ ಮೇಲೆ. ವಕ್ರರೇಖೆಯ ಏರುಭಾಗ ಅಷ್ಟರಲ್ಲಿ ಕಳೆದುಹೋಗಿರುತ್ತದೆ.

ಕಾಡಿನ ಅಂಚು, ಭೂಬಳಕೆ, ಜಾನುವಾರುಗಳನ್ನು ಗಣಿಸಿ 2020ರಲ್ಲಿ ಪ್ರಕಟವಾದ ಅಪಾಯಸ್ಥಳಗಳ ಮಾದರಿ ಉಪಯುಕ್ತವಾದುದು. ಆದರೆ ಅದು ಒಡಲಿನ ಹೊರಗಿನ ಲೆಕ್ಕ. ಒಳಗಿನ ಲೆಕ್ಕದ ಕೊರತೆ ಲಸಿಕೆಯ ಸಂದರ್ಭದಲ್ಲಿ ದುಬಾರಿಯಾಯಿತು. ತಿಂಗಳ ಅಂತರದ ಎರಡು ಚುಚ್ಚುಮದ್ದು, ಆರರಿಂದ ಒಂಬತ್ತು ತಿಂಗಳಿಗೆ ಬಲವರ್ಧಕ, ಬಳಿಕ ಐದು ವರ್ಷ ವರ್ಷಕ್ಕೊಂದು, ಹೀಗೊಂದು ಕ್ರಮವಿತ್ತು. 2005ರಿಂದ 2010ರವರೆಗಿನ ದತ್ತಾಂಶದ ಪ್ರಕಾರ ಎರಡು ಚುಚ್ಚುಮದ್ದಿನ ಪರಿಣಾಮ ನೂರಕ್ಕೆ 62, ಬಲವರ್ಧಕ ಸೇರಿದರೆ ಸುಮಾರು 83. ಸಾಮರ್ಥ್ಯ ಕಡಿಮೆಯೆಂದು 2022ರಲ್ಲಿ ಈ ಲಸಿಕೆಯ ಬಳಕೆ ನಿಂತಿತು. ಪ್ರತಿಕಾಯಗಳು ಯಾವ ವೇಗದಲ್ಲಿ ಕ್ಷೀಣಿಸುತ್ತವೆ, ಎಷ್ಟು ಉಳಿದರೆ ರಕ್ಷಣೆ ಎಂಬುದು ಗಣಕ ಮಾದರಿ ಉತ್ತರಿಸಬಲ್ಲ ಪ್ರಶ್ನೆಯೇ ಆಗಿತ್ತು. ಮುಂದಿನ ಲಸಿಕೆಯ ಪ್ರಯೋಗದಲ್ಲಿ ಒಬ್ಬನೇ ವ್ಯಕ್ತಿಯ ರಕ್ತವನ್ನು ನಿಗದಿತ ಅಂತರಗಳಲ್ಲಿ ಮತ್ತೆ ಮತ್ತೆ ಪರೀಕ್ಷಿಸಿ, ಉಣುಗಿನ ಕಾಲವಾದ ಡಿಸೆಂಬರಿನಿಂದ ಮೇ ತಿಂಗಳವರೆಗಿನ ಅಂಕಿಗಳನ್ನು ಪ್ರತ್ಯೇಕವಾಗಿ ದಾಖಲಿಸಿದರೆ ಆ ಲೆಕ್ಕಕ್ಕೆ ಬೇಕಾದ ಸಾಮಗ್ರಿ ಒದಗುತ್ತದೆ.